ಮುರಿದ ಸರಪಳಿಯೂ ಅಂಕೆ ಮೀರಿದ ಮಾತೂ: ಬೆಟ್ಟದ ಸೈಕಲ್ ಪಂದ್ಯಗಳಿಂದ ಒಂದು ಪಾಠ



"ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ತಮ್ಮ ಕೊರತೆಯನ್ನು ಸಲಕರಣೆಯ ಮೇಲೆ ಹೊರಿಸುವವರನ್ನು ತಿದ್ದುವುದಕ್ಕಾಗಿ ಹಿರಿಯರು ಈ ಮಾತನ್ನು ಆಡಿದರು. ಆದರೆ ನೆಲವು ನಿಜವಾಗಿಯೇ ಡೊಂಕಾಗಿದ್ದ ಪಕ್ಷದಲ್ಲಿ ಏನು ಮಾಡತಕ್ಕದ್ದು? ಕುಣಿಯುವವಳು ಬಾಯಿ ಮುಚ್ಚಿಕೊಂಡು ಬೀಳತಕ್ಕದ್ದೋ? ಅಥವಾ ಬಿದ್ದ ಮರುಕ್ಷಣವೇ ಊರೆಲ್ಲಾ ಕೇಳುವಂತೆ ಕೂಗತಕ್ಕದ್ದೋ? ಈ ಎರಡರ ನಡುವೆ ಮೂರನೆಯ ದಾರಿಯೊಂದು ಉಂಟೆಂಬುದೇ ಈ ಲೇಖನದ ಅಭಿಪ್ರಾಯ.

ಇದನ್ನು ವಿವರಿಸಲು ನಾವು ದೂರದೇಶದ ಒಂದು ಆಟವನ್ನು ಆರಿಸಿಕೊಂಡಿದ್ದೇವೆ. ಅದು ಬೆಟ್ಟದ ಸೈಕಲ್ ಪಂದ್ಯ. ಈ ಆಟದಲ್ಲಿ ಸಲಕರಣೆಯು ಎಲ್ಲರ ಕಣ್ಣೆದುರಿಗೇ ಮುರಿಯುವುದು; ಗಳಿಗೆಯೊಳಗೆ ಆ ಸುದ್ದಿಯೂ ಅದರ ಮೇಲಿನ ತೀರ್ಪೂ ಸಾಮಾಜಿಕ ಜಾಲತಾಣಗಳ ಮೂಲಕ ಲೋಕವನ್ನೆಲ್ಲಾ ಸುತ್ತುವುದು. ಆದುದರಿಂದ ಸೋಲನ್ನೂ ದೂರನ್ನೂ ನಿಂದೆಯನ್ನೂ ಒಂದೇ ಮಧ್ಯಾಹ್ನದಲ್ಲಿ ಪರಿಶೀಲಿಸಲು ಇಲ್ಲಿ ಅನುಕೂಲವಾಗುವುದು.

1. ಆಟದ ಹುಟ್ಟು

ಈ ಆಟಕ್ಕೂ ಸಲಕರಣೆಯ ಸೋಲಿಗೂ ಇರುವ ನಂಟು ಹುಟ್ಟಿನಿಂದ ಬಂದದ್ದು. 1976ನೇ ಅಕ್ಟೋಬರ್ 21ರಂದು ಅಮೇರಿಕದ ಕ್ಯಾಲಿಫೋರ್ನಿಯ ಪ್ರಾಂತದ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕೆಲವು ಯುವಕರು ದಪ್ಪ ಟಯರುಗಳ ಹಳೆಯ ಸೈಕಲ್ಲುಗಳನ್ನು ಏರಿ, ಕಡಿದಾದ ಮಣ್ಣು ದಾರಿಯಲ್ಲಿ ಕೆಳಗಿಳಿಯುವ ಪಂದ್ಯವನ್ನು ನಡಿಸಿದರು. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಗುಂಬದೊಳಗೆ ಬ್ರೇಕು ಹಿಡಿಯುತ್ತಿತ್ತು. ಬೆಟ್ಟದ ಬುಡಕ್ಕೆ ಮುಟ್ಟುವಷ್ಟರಲ್ಲಿ ಆ ಗುಂಬವು ಕಾದು, ಒಳಗಿದ್ದ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಾರಿಯೂ ಹೊಸದಾಗಿ ಗ್ರೀಸು ತುಂಬದೆ ಮತ್ತೊಮ್ಮೆ ಇಳಿಯುವ ಹಾಗಿರಲಿಲ್ಲ. ಆದಕಾರಣ ಆ ದಾರಿಗೆ, 'ಮತ್ತೆ ತುಂಬುವುದು' ಎಂಬ ಅರ್ಥದಲ್ಲಿ, ರೀಪ್ಯಾಕ್ ಎಂಬ ಹೆಸರೇ ನಿಂತಿತು.

ಆ ಯುವಕರು ಹಳೆಯ ಸೈಕಲ್ಲನ್ನು ಹಳಿಯುತ್ತಾ ಕೂಡ್ರಲಿಲ್ಲ. ಹಾಗೆಂದು ಅದರ ದೋಷವನ್ನು ಮುಚ್ಚಿಡಲೂ ಇಲ್ಲ. ಯಾವ ಭಾಗವು ಯಾಕೆ ಕೆಡುವುದೆಂದು ನೋಡಿ, ಅದನ್ನು ತೆಗೆದು, ಗಟ್ಟಿಯಾದುದನ್ನು ಇಟ್ಟರು. ಅವರಲ್ಲಿ ಒಬ್ಬನಾದ ಜೋ ಬ್ರೀಜ್ ಎಂಬವನು ಕೆಲವೇ ಕಾಲದಲ್ಲಿ ಬೆಟ್ಟಕ್ಕೆಂದೇ ಹೊಸ ಚೌಕಟ್ಟುಗಳನ್ನು ಕಟ್ಟಿದನು. ಹೀಗೆ ಬೆಳೆದ ಈ ಆಟವು 1996ರಲ್ಲಿ ಅಟ್ಲಾಂಟದ ಒಲಿಂಪಿಕ್ ಕೂಟದಲ್ಲಿ ಸ್ಥಾನವನ್ನು ಪಡೆಯಿತು.

2. ಸಲಕರಣೆಯು ಯಾಕೆ ಸೋಲುವುದು?

ಇಷ್ಟು ಹಣವನ್ನೂ ಬುದ್ಧಿಯನ್ನೂ ವೆಚ್ಚಮಾಡಿದ ಸೈಕಲ್ಲು ಈಗಲೂ ಯಾಕೆ ಕೆಡುವುದೆಂದು ಮಕ್ಕಳು ಕೇಳಬಹುದು. ಟಯರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಟ್ಟದ ಪಂದ್ಯದ ಟಯರಿನೊಳಗೆ ಈಗ ಸಾಮಾನ್ಯವಾಗಿ ಟ್ಯೂಬು ಇರುವುದಿಲ್ಲ. ಟಯರು ರಿಮ್ಮಿಗೆ ಬಿಗಿಯಾಗಿ ಕೂತು ಗಾಳಿಯನ್ನು ಹಿಡಿಯುವುದು. ಒಳಗೆ ಹಾಕಿದ ರಬ್ಬರಿನ ದ್ರವವು ಚಿಕ್ಕ ತೂತುಗಳನ್ನು ತಾನಾಗಿ ಮುಚ್ಚುವುದು. ಗಾಳಿಯ ಒತ್ತಡವನ್ನು ಚದರಂಗುಲಕ್ಕೆ ಸುಮಾರು 20 ಪೌಂಡಿನಷ್ಟು ಇಡುವುದುಂಟು. ಒತ್ತಡವು ಕಡಿಮೆಯಾದರೆ ಟಯರು ಕಲ್ಲುಬೇರುಗಳನ್ನು ಅಪ್ಪಿ ಹಿಡಿಯುವುದು, ಜಾರುವುದಿಲ್ಲ. ಆದರೆ ಮೊನಚಾದ ಬಂಡೆಗೆ ಬಡಿದಾಗ ಅದೇ ಮೆತ್ತನೆಯ ಟಯರು ಬಂಡೆಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುವುದು. ಒತ್ತಡವನ್ನು ಹೆಚ್ಚಿಸಿದರೆ ಹರಿಯುವ ಭಯವು ಕಡಿಮೆ, ಜಾರುವ ಭಯವು ಹೆಚ್ಚು. ಟಯರನ್ನು ದಪ್ಪ ಮಾಡಿದರೆ ಭಾರವು ಹೆಚ್ಚಿ ಏರಿನಲ್ಲಿ ಹಿಂದೆ ಬೀಳಬೇಕಾಗುವುದು.

ಇದರಿಂದ ತಿಳಿಯುವುದೇನಂದರೆ, ಎಂದಿಗೂ ಕೆಡದ ಸಲಕರಣೆಯೆಂಬುದು ಇಲ್ಲ. ಒಂದು ಅಪಾಯವನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರವಿದು. ಪಂಕ್ಚರಾದ ಕೂಡಲೆ, "ಟಯರು ಮಾಡಿದವನೇ ಕಳ್ಳ" ಎನ್ನುವವರೂ "ಸವಾರನಿಗೆ ಜಾಣತನ ಸಾಲದು" ಎನ್ನುವವರೂ ಈ ಲೆಕ್ಕವನ್ನು ನೋಡದೆ ಮಾತಾಡುವರು.

3. ಕೆಟ್ಟ ಸಲಕರಣೆಯೊಡನೆ ನಡೆದವರು

2012ರಲ್ಲಿ ಲಂಡನ್ ಒಲಿಂಪಿಕ್ಸಿನ ಬೆಟ್ಟದ ಪಂದ್ಯವು ಎಸೆಕ್ಸ್ ಸೀಮೆಯ ಹ್ಯಾಡ್ಲಿ ಫಾರ್ಮ್‌ನಲ್ಲಿ ನಡೆಯಿತು. 2004ರಲ್ಲಿಯೂ 2008ರಲ್ಲಿಯೂ ಚಿನ್ನವನ್ನು ಗೆದ್ದಿದ್ದ ಫ್ರಾನ್ಸಿನ ಜೂಲಿಯನ್ ಅಬ್ಸಲೋನಿಗೆ ಆರಂಭದಲ್ಲಿಯೇ ಪಂಕ್ಚರಾಯಿತು. ಅವನು ಪಂದ್ಯವನ್ನು ಬಿಡಬೇಕಾಯಿತು. ಅದೇ ದಿನ ಇಟಲಿಯ ಮಾರ್ಕೋ ಫೊಂತಾನನ ಸೈಕಲ್ಲಿನ ಸೀಟು ಕೊನೆಯ ಸುತ್ತಿನಲ್ಲಿ ಕಳಚಿಹೋಯಿತು. ಅವನು ನಿಂತೇ ಪೆಡಲು ತುಳಿದು ಮೂರನೆಯವನಾಗಿ ಬಂದು ಕಂಚನ್ನು ಪಡೆದನು. ಮೊದಲನೆಯವನು ಹೇಡಿಯೆಂದೂ ಎರಡನೆಯವನು ವೀರನೆಂದೂ ಹೇಳುವುದು ನ್ಯಾಯವಲ್ಲ. ಎಲ್ಲಿ ಕೆಟ್ಟಿತು, ಯಾವಾಗ ಕೆಟ್ಟಿತು ಎಂಬುದರಿಂದಲೂ ಫಲವು ಬೇರೆಯಾಗುವುದು.

2015ರಲ್ಲಿ ಆಸ್ಟ್ರಿಯದ ಲಿಯೋಗಾಂಗ್ ಎಂಬಲ್ಲಿ ನಡೆದ ಇಳಿಜಾರಿನ ವಿಶ್ವಕಪ್ ಪಂದ್ಯದಲ್ಲಿ ಅಮೇರಿಕದ ಆರನ್ ಗ್ವಿನ್ ಎಂಬವನ ಸರಪಳಿಯು ಹೊರಟ ಕೂಡಲೇ ತುಂಡಾಯಿತು. ಪೆಡಲು ತುಳಿದು ವೇಗವನ್ನು ಪಡೆಯುವ ದಾರಿ ಮುಚ್ಚಿತು. ಇಳಿಜಾರು ಕೊಟ್ಟ ವೇಗವನ್ನು ಕಳೆದುಕೊಳ್ಳದಿರುವುದೊಂದೇ ಉಪಾಯವಾಗಿ ಉಳಿಯಿತು. ಅವನು ಬ್ರೇಕನ್ನು ಹಿತಮಿತವಾಗಿ ಹಿಡಿದು, ತಿರುವುಗಳಲ್ಲಿ ನೇರವಾದ ದಾರಿಯನ್ನು ಆರಿಸಿ, ದಿಣ್ಣೆಗಳ ಇಳುಕಲಿನಲ್ಲಿ ಮೈಭಾರವನ್ನು ಒತ್ತಿ ಓಡಿಸಿದನು. ಸರಪಳಿಯಿದ್ದವರೆಲ್ಲರನ್ನೂ ಸೆಕೆಂಡಿನ ಅಲ್ಪ ಭಾಗದಿಂದ ಮೀರಿಸಿ ಗೆದ್ದನು.

ಹೆಣ್ಣುಮಕ್ಕಳ ಪಂದ್ಯದಲ್ಲಿಯೂ ಇಂಥ ದೃಷ್ಟಾಂತ ಉಂಟು. 2024ನೇ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಎಲಾಂಕೂರ್ ಗುಡ್ಡದ ಮೇಲೆ, ಎರಡನೆಯ ಸ್ಥಾನದಲ್ಲಿದ್ದ ನೆದರ್ಲೆಂಡಿನ ಪುಕ್ ಪೀಟರ್ಸೆ ಎಂಬ ಯುವತಿಯ ಸೈಕಲ್ಲು ಪಂಕ್ಚರಾಯಿತು. ಆಕೆ ಪಂದ್ಯವನ್ನು ಬಿಡದೆ ನಾಲ್ಕನೆಯವಳಾಗಿ ಮುಗಿಸಿದಳು. ಪದಕವು ಒಂದು ಸ್ಥಾನದಿಂದ ತಪ್ಪಿತು. ಮರುದಿನ ಗಂಡಸರ ಪಂದ್ಯದಲ್ಲಿ ಇಂಗ್ಲೆಂಡಿನ ಟಾಮ್ ಪಿಡ್‌ಕಾಕನಿಗೂ ಪಂಕ್ಚರಾಗಿ, ಅವನು ಸುಮಾರು 40 ಸೆಕೆಂಡು ಹಿಂದೆ ಬಿದ್ದನು. ಆದರೂ ಎಲ್ಲರನ್ನೂ ಹಿಡಿದು ಚಿನ್ನವನ್ನು ಗೆದ್ದನು. ಇಬ್ಬರೂ ತುಳಿಯುವುದನ್ನು ಬಿಡಲಿಲ್ಲ. ಒಬ್ಬರಿಗೆ ಪದಕವು ಬಂತು, ಒಬ್ಬರಿಗೆ ಬರಲಿಲ್ಲ. ಛಲವಿದ್ದರೆ ಗೆಲುವು ನಿಶ್ಚಯವೆಂದು ಮಕ್ಕಳಿಗೆ ಹೇಳುವುದು ಸುಳ್ಳು. ಛಲವು ಗೆಲುವಿಗೆ ಬಾಗಿಲನ್ನು ತೆರೆದಿಡುವುದೆಂದು ಹೇಳುವುದು ನಿಜ.

4. ಹಲಗೆಯ ವಿವಾದ

ಇನ್ನು ಮಾತಿನ ಕಡೆಗೆ ಬರೋಣ. ಟೋಕಿಯೋ ಒಲಿಂಪಿಕ್ಸಿನ ಬೆಟ್ಟದ ಪಂದ್ಯವು 2021ನೇ ಜುಲೈ 26ರಂದು ಜಪಾನಿನ ಈಜು ಎಂಬಲ್ಲಿ ನಡೆಯಿತು. ಆ ದಾರಿಯಲ್ಲಿ ದೊಡ್ಡ ಬಂಡೆಯಿಂದ ಕೆಳಕ್ಕೆ ಹಾರುವ ಒಂದು ಸ್ಥಳವಿತ್ತು. ಅಭ್ಯಾಸದ ವೇಳೆಯಲ್ಲಿ ಅಲ್ಲಿ ಇಳಿಯಲು ಒಂದು ಹಲಗೆಯನ್ನು ಇಟ್ಟಿದ್ದರು. ಪಂದ್ಯದ ದಿನ ಅದು ಇರಲಿಲ್ಲ. ಗೆಲ್ಲುವವರಲ್ಲಿ ಒಬ್ಬನೆಂದು ಎಣಿಸಲ್ಪಟ್ಟಿದ್ದ ನೆದರ್ಲೆಂಡಿನ ಮಾಟ್ಯೂ ಫಾನ್ ಡರ್ ಪೂಲ್ ಮೊದಲನೆಯ ಸುತ್ತಿನಲ್ಲಿಯೇ ಆ ಸ್ಥಳದಲ್ಲಿ ಹ್ಯಾಂಡಲಿನ ಮೇಲಿಂದ ಬಿದ್ದನು. ಎದ್ದು ಮತ್ತೆ ಸವಾರಿಮಾಡಿದರೂ ನೋವನ್ನು ತಾಳಲಾರದೆ ಪಂದ್ಯವನ್ನು ಬಿಟ್ಟನು.

ಹಲಗೆಯನ್ನು ತೆಗೆಯುವರೆಂಬುದು ತನಗೆ ತಿಳಿದಿರಲಿಲ್ಲವೆಂದು ಅವನು ಟ್ವಿಟರಿನಲ್ಲಿ ಬರೆದನು. ಕೂಡಲೇ ಲೋಕವು ಎರಡು ಪಂಗಡವಾಯಿತು. ವ್ಯವಸ್ಥಾಪಕರು ಸವಾರನನ್ನು ಅಪಾಯಕ್ಕೆ ನೂಕಿದರೆಂದು ಕೆಲವರು ಕೂಗಿದರು. ಅವನೇ ಅಜಾಗರೂಕನೆಂದು ಕೆಲವರು ಹಾಸ್ಯಮಾಡಿದರು. ಪಂದ್ಯದ ದಿನ ಹಲಗೆಯು ಇರುವುದಿಲ್ಲವೆಂಬ ಸಂಗತಿಯು ತಿಳಿದದ್ದೇ ಆಗಿತ್ತೆಂದು ಅವನ ಸ್ವಂತ ದೇಶದ ತರಬೇತುದಾರನೇ ಅನಂತರ ಹೇಳಿದನು.

ಇಲ್ಲಿ ನಾವು ಗಮನಿಸತಕ್ಕದ್ದು ಯಾರು ಗೆದ್ದರು ಎಂಬುದನ್ನಲ್ಲ. ಬಿದ್ದವನ ನೋವು ಸುಳ್ಳಲ್ಲ. ಆ ಪೆಟ್ಟಿನ ಬಳಿಕ ಬೆನ್ನಿನ ಬೇನೆಯು ಅವನನ್ನು ಬಹುಕಾಲ ಕಾಡಿತು. ಆದರೆ ಒಂದು ಸುದ್ದಿಯು ಒಬ್ಬನಿಗೆ ತಲಪದಿರುವುದೂ, ಅದನ್ನು ಯಾರೂ ಹೇಳದಿರುವುದೂ ಬೇರೆ ಬೇರೆ ಸಂಗತಿಗಳು. ಆ ಎರಡರ ನಡುವಣ ಅಂತರವನ್ನು ಅಳೆಯಲು ವಿಚಾರಣೆ ಬೇಕು, ಹೊತ್ತು ಬೇಕು. ಜಾಲತಾಣಗಳಲ್ಲಿ ಕೂಗಿದವರಿಗೆ ಆ ಹೊತ್ತು ಇರಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕಾಗಿಯೇ. ಬಿದ್ದ ಚಿತ್ರವನ್ನು ಎಲ್ಲರೂ ಪ್ರತ್ಯಕ್ಷ ಕಂಡರು. ಬೀಳುವುದಕ್ಕೆ ಕಾರಣವೇನೆಂಬುದನ್ನು ಆ ಚಿತ್ರವು ತೋರಿಸಲಿಲ್ಲ.

5. ಪಂಚರು ಇರುವುದು ಯಾತಕ್ಕೆ?

ಪ್ಯಾರಿಸಿನ ಹೆಂಗಸರ ಪಂದ್ಯದಲ್ಲಿ ಇನ್ನೊಂದು ವಿವಾದವು ಹುಟ್ಟಿತು. ನೀರನ್ನು ಪಡೆಯಲು, ಚಕ್ರವನ್ನು ಬದಲಾಯಿಸಲು ಎಂದು ದಾರಿಯ ಬದಿಯಲ್ಲಿ ಬೇರೆ ಸ್ಥಳವನ್ನು ಇಟ್ಟಿರುವರು. ಅಮೇರಿಕದ ಹೇಲಿ ಬ್ಯಾಟನ್ ಎಂಬಾಕೆಯು ಕೊನೆಯ ಸುತ್ತಿನಲ್ಲಿ ಏನನ್ನೂ ಪಡೆಯದೆ ಆ ಸ್ಥಳದೊಳಗಿಂದ ಹಾದುಹೋದಳು. ಆಕೆಗೆ ಬೆಳ್ಳಿ ಬಂತು. ಸ್ವೀಡನಿನ ಜೆನ್ನಿ ರಿಸ್ವೆಡ್ಸ್‌ಗೆ ಕಂಚು ಬಂತು. ಪಂಚರು ಬ್ಯಾಟನಳಿಗೆ 500 ಸ್ವಿಸ್ ಫ್ರಾಂಕು ದಂಡವನ್ನು ವಿಧಿಸಿದರು, ಸ್ಥಾನವನ್ನು ಬದಲಾಯಿಸಲಿಲ್ಲ. ದಂಡವು ಸಾಲದೆಂದು ವಾದಿಸಲು ಯಾರಿಗಾದರೂ ಹಕ್ಕು ಉಂಟು. ಆದರೆ ನಿಯಮವೇನು, ಉಲ್ಲಂಘನೆಗೆ ಶಿಕ್ಷೆಯೇನು ಎಂಬುದನ್ನು ಓದದೆ ಒಬ್ಬ ಯುವತಿಯನ್ನು ಕಳ್ಳಿಯೆಂದು ಕರೆಯಲು ಯಾರಿಗೂ ಹಕ್ಕಿಲ್ಲ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು." ಮೊಬೈಲಿನಲ್ಲಿ ಬರೆದು ಅಳಿಸಿದ ಮಾತೂ ಆಡಿದ ಮಾತೇ, ಅಷ್ಟರೊಳಗೆ ಅದನ್ನು ಯಾರೋ ನಕಲು ತೆಗೆದಿಟ್ಟಿರುವರು.

6. ದೂರಿನ ಸದುಪಯೋಗ

ಹಾಗಾದರೆ ಸುಮ್ಮನಿರುವುದೇ ಸದ್ಗುಣವೋ? ಅಲ್ಲ. ಈ ಮಾತನ್ನು ನಾವು ನಮ್ಮ ಬಾಲಿಕೆಯರ ನಿಮಿತ್ತವಾಗಿ ಒತ್ತಿ ಹೇಳುತ್ತೇವೆ. ಯಾಕಂದರೆ ಎಲ್ಲವನ್ನೂ ಸಹಿಸಿಕೊಂಡಿರು ಎಂಬ ಬುದ್ಧಿಯನ್ನು ಅವರು ಬೇಕಾದಷ್ಟು ಕೇಳಿರುವರು.

2015ರ ಏಪ್ರಿಲಿನಲ್ಲಿ ಅಮೇರಿಕದ ಒಂದು ದೊಡ್ಡ ಸೈಕಲ್ ಕಂಪೆನಿಯು ಆ ದೇಶದಲ್ಲಿ ಮಾರಿದ ಸುಮಾರು 9 ಲಕ್ಷ ಸೈಕಲ್ಲುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಮುಂದಿನ ಚಕ್ರವನ್ನು ಬಿಗಿಯುವ ಸಣ್ಣ ಹಿಡಿಯೊಂದು ಸರಿಯಾಗಿ ಮುಚ್ಚದಿದ್ದರೆ ಪೂರಾ ಹಿಂದಕ್ಕೆ ತೆರೆದು, ಬ್ರೇಕಿನ ಬಿಲ್ಲೆಯಲ್ಲಿ ಸಿಕ್ಕಿ, ಓಡುವ ಚಕ್ರವನ್ನು ತಟ್ಟನೆ ನಿಲ್ಲಿಸಬಹುದಾಗಿತ್ತು. ವರದಿಯಾಗಿದ್ದ ಅಪಘಾತಗಳು ಮೂರೇ. ಆದರೆ ಅವುಗಳಲ್ಲಿ ಒಬ್ಬರಿಗೆ ಕೈಕಾಲುಗಳ ಸ್ವಾಧೀನವೇ ತಪ್ಪಿಹೋಯಿತು. ಅದೇ ವರ್ಷ ಬೇರೆ 13 ಕಂಪೆನಿಗಳೂ ಸುಮಾರು 13 ಲಕ್ಷ ಸೈಕಲ್ಲುಗಳನ್ನು ಇದೇ ಕಾರಣಕ್ಕಾಗಿ ಹಿಂದಕ್ಕೆ ಕರೆದವು. ಮೂರು ದೂರುಗಳು ತಲಪತಕ್ಕ ಸ್ಥಳಕ್ಕೆ ತಲಪಿದ್ದರಿಂದ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಸೈಕಲ್ಲುಗಳ ಅಪಾಯವು ಬೆಳಕಿಗೆ ಬಂತು. ನೆಲವು ಡೊಂಕೆಂದು ಹೇಳಿದವರು ಇಲ್ಲಿ ಕುಣಿಯಲಾರದವರಲ್ಲ. ತಮ್ಮ ಹಿಂದೆ ಬರುವವರನ್ನು ಕಾಪಾಡಿದವರು.

7. ನಮ್ಮ ಮನೆಗಳಲ್ಲಿ

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿದ ಮೇಲೆ ಅನೇಕ ಹಳ್ಳಿಗಳ ಬಾಲಿಕೆಯರಿಗೆ ಶಾಲೆಯ ದಾರಿಯು ಹತ್ತಿರವಾಯಿತು. ಸೈಕಲ್ಲನ್ನು ಏರುವ ಮಗಳಿಗೆ ಬ್ರೇಕನ್ನೂ ಸರಪಳಿಯನ್ನೂ ಟಯರನ್ನೂ ಹೊರಡುವ ಮುಂಚೆ ನೋಡಲು ಕಲಿಸಿರಿ. ಕೆಟ್ಟದ್ದನ್ನು ಕಂಡರೆ ಮನೆಯಲ್ಲಿ ಹೇಳಲು ಧೈರ್ಯಕೊಡಿರಿ. ಹೇಳಿದಾಗ "ನೀನೇ ಕೆಡಿಸಿದ್ದಿ" ಎಂದು ಮೊದಲು ಗದರಿಸಬೇಡಿರಿ. ಗದರಿಕೆಗೆ ಅಂಜಿದ ಮಗಳು ಮುರಿದ ಬ್ರೇಕನ್ನು ಮುಚ್ಚಿಡುವಳು. ಮನೆಯಲ್ಲಿ ಕಿವಿಗೊಡುವವರಿಲ್ಲದ ಮಗಳು ತನ್ನ ದೂರನ್ನು ಮೊಬೈಲಿನ ಮುಖಾಂತರ ಲೋಕಕ್ಕೆ ಹೇಳುವಳು.

ಆದುದರಿಂದ ನಾವು ಮೊದಲಲ್ಲಿ ಹೇಳಿದ ಮೂರನೆಯ ದಾರಿಯು ಇದು: ಕೆಟ್ಟದ್ದನ್ನು ಪರೀಕ್ಷಿಸು, ನಿನ್ನ ಪಾಲಿನ ತಪ್ಪನ್ನು ಮೊದಲು ಎಣಿಸು, ಉಳಿದದ್ದನ್ನು ತಿದ್ದಬಲ್ಲವರ ಮುಂದೆ ಸ್ಪಷ್ಟವಾಗಿ ಹೇಳು. ಅವರು ಕಿವಿಗೊಡದಿದ್ದರೆ ಹತ್ತು ಜನರ ಮುಂದೆ ಹೇಳುವುದಕ್ಕೂ ಹೆದರಬೇಡ. ಆದರೆ ಆಗಲೂ ಅಳತೆಯ ಮಾತನ್ನೇ ಆಡು.

ಮನೆಯಲ್ಲಿ ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು:

1. ಟಯರಿನಲ್ಲಿ ಗಾಳಿಯು ಕಡಿಮೆಯಿದ್ದರೆ ಆಗುವ ಒಂದು ಲಾಭವನ್ನೂ ಒಂದು ನಷ್ಟವನ್ನೂ ಹೇಳಿರಿ.

2. ಸರಪಳಿಯಿಲ್ಲದ ಸೈಕಲ್ಲು ಇಳಿಜಾರಿನಲ್ಲಿ ಹೇಗೆ ಗೆದ್ದಿತು? ಏರುದಾರಿಯಲ್ಲಿ ಅದು ಸಾಧ್ಯವಾಗುತ್ತಿತ್ತೇ?

3. ಹಲಗೆಯ ಸಂಗತಿಯಲ್ಲಿ ತೀರ್ಪು ಹೇಳುವ ಮೊದಲು ನೀವು ಯಾರು ಯಾರನ್ನು ಏನೇನು ಕೇಳುತ್ತಿದ್ದಿರಿ?

4. "ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯು ಸಲ್ಲುವ ಒಂದು ಸಂದರ್ಭವನ್ನೂ ಸಲ್ಲದ ಒಂದು ಸಂದರ್ಭವನ್ನೂ ನಿಮ್ಮ ಮನೆಯ ಬಾಳಿನಿಂದಲೇ ಆರಿಸಿ ಬರೆಯಿರಿ.