ಟೊಮೇಟೊ ತಳಿಗಳನ್ನು ಹಿತ್ತಲಲ್ಲಿ ಪರೀಕ್ಷಿಸುವ ಕ್ರಮ

ಹಿತ್ತಲುಳ್ಳ ಮನೆಯವರು ಬದನೆ, ಬೆಂಡೆ, ಮೆಣಸಿನ ಗಿಡಗಳ ಸಂಗಡ ಟೊಮೇಟೊ ಗಿಡಗಳನ್ನೂ ನೆಡುವದು ನಮ್ಮ ಗ್ರಾಮಗಳಲ್ಲಿ ವಾಡಿಕೆಯಾಗಿದೆ. ಆದರೆ ಯಾವ ತಳಿಯನ್ನು ನೆಡತಕ್ಕದ್ದೆಂದು ವಿಚಾರಿಸುವವರು ಸ್ವಲ್ಪ ಮಂದಿಯೇ. ಬೀಜದ ಪೊಟ್ಟಣದ ಮೇಲಿನ ಚಿತ್ರವನ್ನು ನೋಡಿ ಒಬ್ಬನು ಕೊಳ್ಳುತ್ತಾನೆ. ನೆರೆಯವನ ಹೊಗಳಿಕೆಯನ್ನು ಕೇಳಿ ಮತ್ತೊಬ್ಬನು ಕೊಳ್ಳುತ್ತಾನೆ. ಆ ಒಂದೇ ತಳಿಯನ್ನು ನೆಲದಲ್ಲೆಲ್ಲಾ ನೆಟ್ಟ ಮೇಲೆ ಎಲೆ ಮುದುಡುವ ರೋಗವಾಗಲಿ ಸೊರಗು ರೋಗವಾಗಲಿ ಬಂದರೆ, ಬೀಜದ ಹಣವೂ ಗೊಬ್ಬರವೂ ಎರಡು ಮೂರು ತಿಂಗಳ ದುಡಿಮೆಯೂ ಕೂಡಿ ಹೋಗುವವು. ಸಾಲ ಮಾಡಿ ಬೆಳೆ ಇಟ್ಟವನ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆದಕಾರಣ ಹಲವು ತಳಿಗಳನ್ನು ಸ್ವಲ್ಪ ಸ್ವಲ್ಪವಾಗಿ ಒಟ್ಟಿಗೆ ಬೆಳೆಸಿ, ಪಕ್ಷಪಾತವಿಲ್ಲದೆ ಹೋಲಿಸಿ, ನಮ್ಮ ನೆಲಕ್ಕೂ ಮನೆಗೂ ತಕ್ಕದ್ದನ್ನು ಆರಿಸಿಕೊಳ್ಳುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುವೆವು.

೧. ಗಿಡದ ಸ್ವಭಾವ

ಕೆಲವು ಕಡೆಗಳಲ್ಲಿ ಗೂದೆಹಣ್ಣೆಂದೂ ಚಪ್ಪರಬದನೆಯೆಂದೂ ಕರೆಯಲ್ಪಡುವ ಈ ಗಿಡವು ನಮ್ಮ ದೇಶದ್ದಲ್ಲ. ಅದರ ಕಾಡು ಜಾತಿಗಳು ದಕ್ಷಿಣ ಅಮೇರಿಕದ ಪಶ್ಚಿಮ ಭಾಗದಲ್ಲಿ ಬೆಳೆಯುತ್ತವೆ. ಮೆಕ್ಸಿಕೊ ದೇಶದವರು ಅದನ್ನು ತೋಟದ ಬೆಳೆಯಾಗಿ ಬೆಳೆಸುತ್ತಿದ್ದರು. ೧೬ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಹೊಗೆಸೊಪ್ಪು ಇವೆಲ್ಲ ಇದರ ಕುಟುಂಬದವುಗಳೇ. ಆದದರಿಂದ ಇವುಗಳನ್ನು ಬೆಳೆಸಿದ ನೆಲದಲ್ಲಿ ಒಡನೆಯೇ ಟೊಮೇಟೊ ನೆಡಬಾರದು. ಯಾಕಂದರೆ ಒಂದರ ರೋಗವು ನೆಲದಲ್ಲಿದ್ದು ಇನ್ನೊಂದಕ್ಕೆ ಹತ್ತುವದು.

೨. ತಳಿಗಳ ಭೇದ

ಟೊಮೇಟೊ ತಳಿಗಳು ಸಾವಿರಾರು ಉಂಟು. ಅವುಗಳನ್ನು ಎರಡು ವಿಧವಾಗಿ ವಿಂಗಡಿಸಬಹುದು. ಮೊದಲನೆಯದಾಗಿ, ಕೆಲವು ಗಿಡಗಳು ಒಂದು ಮಟ್ಟಕ್ಕೆ ಬೆಳೆದು ನಿಂತು, ಹಣ್ಣುಗಳನ್ನು ಹೆಚ್ಚು ಕಡಿಮೆ ಒಟ್ಟಿಗೆ ಕೊಡುತ್ತವೆ. ಬೇರೆ ಕೆಲವು ಬಳ್ಳಿಯಂತೆ ಬೆಳೆಯುತ್ತಲೇ ಇದ್ದು, ಬಹುಕಾಲ ಸ್ವಲ್ಪ ಸ್ವಲ್ಪವಾಗಿ ಕೊಡುತ್ತವೆ. ಎರಡನೆಯದಾಗಿ, ನಾಟಿ ಮತ್ತು ಶುದ್ಧ ತಳಿಗಳ ಬೀಜವನ್ನು ಮನೆಯಲ್ಲಿಯೇ ತೆಗೆದು ಬಿತ್ತಿದರೆ ತಾಯಿಗಿಡದ ಗುಣವೇ ಬರುವದು. ಯಾಕಂದರೆ ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಎರಡು ತಳಿಗಳನ್ನು ಕೂಡಿಸಿ ಹುಟ್ಟಿಸಿದ ಸಂಕರ ತಳಿ, ಅಂದರೆ ಹೈಬ್ರಿಡ್, ಹಾಗಲ್ಲ. ಅದರ ಬೀಜವನ್ನು ತೆಗೆದು ಬಿತ್ತಿದರೆ ಗಿಡಗಳು ನಾನಾ ವಿಧವಾಗಿ ಹುಟ್ಟುವವು. ಆದಕಾರಣ ಪ್ರತಿ ಸಾರಿ ಹಣ ಕೊಟ್ಟು ಕೊಳ್ಳಬೇಕು.

ಪರೀಕ್ಷೆಗೆ ನಾಲ್ಕು ತಳಿಗಳು ಸಾಕು. ಊರಿನ ಹುಳಿ ನಾಟಿ ಒಂದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ರೂಬಿ ಎರಡನೆಯದು. ಅದು ಬೇಗ ಹಣ್ಣಾಗುವಂಥದು. ೧೯೬೭ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಮೂರನೆಯದು. ಅದರ ಚಪ್ಪಟೆಯಾದ ಹಣ್ಣು ೮೦ರಿಂದ ೯೦ ಗ್ರಾಮ್ ತೂಗುವದು, ನೀರು ಸ್ವಲ್ಪ ಕಡಿಮೆಯಾದರೂ ಗಿಡವು ತಾಳಿಕೊಳ್ಳುವದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ನಾಲ್ಕನೆಯದು. ಅದು ಎಲೆ ಮುದುಡುವ ರೋಗ, ಸೊರಗು ರೋಗ, ಮುಂಚಿನ ಅಂಗಮಾರಿ ಎಂಬ ಮೂರನ್ನೂ ಎದುರಿಸುವ ಹೈಬ್ರಿಡ್. ಸೊರಗು ರೋಗದ ಕಾಟವಿರುವ ಕರಾವಳಿ, ಮಲೆನಾಡುಗಳ ಹುಳಿಮಣ್ಣಿನಲ್ಲಿ, ಆ ರೋಗವನ್ನು ತಡೆಯುವ ಅರ್ಕಾ ಆಭಾ ಎಂಬ ಶುದ್ಧ ತಳಿಯನ್ನು ಪೂಸಾ ರೂಬಿಗೆ ಬದಲಾಗಿ ಇಡಬಹುದು.

೩. ಸಮವಾದ ಪರೀಕ್ಷೆ

ಹೋಲಿಸುವವನು ಎಲ್ಲಾ ತಳಿಗಳಿಗೂ ಒಂದೇ ನ್ಯಾಯವನ್ನು ನಡಿಸತಕ್ಕದ್ದು. ಎಲ್ಲಾ ಬೀಜಗಳನ್ನು ಒಂದೇ ದಿನ, ಒಂದೇ ಮಣ್ಣಿನ ಸಸಿಮಡಿಯಲ್ಲಿ ಬಿತ್ತಿರಿ. ಸುಮಾರು ಒಂದು ವಾರದಲ್ಲಿ ಮೊಳೆಯುವವು. ೨೫ರಿಂದ ೩೦ ದಿನಗಳ ಸಸಿಗಳನ್ನು ಸಾಲಿನಿಂದ ಸಾಲಿಗೆ ೬೦, ಗಿಡದಿಂದ ಗಿಡಕ್ಕೆ ೪೫ ಸೆಂಟಿಮೀಟರು ಬಿಟ್ಟು ನೆಡಿರಿ. ತಳಿಗೆ ೬ ಗಿಡಗಳಂತೆ ಒಟ್ಟು ೨೪ ಗಿಡಗಳಿಗೆ ೭ ಚದರ ಮೀಟರು ನೆಲ ಸಾಕು.

ಆ ೬ ಗಿಡಗಳನ್ನು ಒಂದೇ ಕಡೆ ನೆಡಬೇಡಿರಿ. ಹಿತ್ತಲಿನ ಒಂದು ತುದಿಯು ಕೊಟ್ಟಿಗೆಯ ಬಳಿ ಇದ್ದು ಹೆಚ್ಚು ಸಾರವುಳ್ಳದ್ದಾಗಿರಬಹುದು; ಮತ್ತೊಂದು ತುದಿಯಲ್ಲಿ ನುಗ್ಗೆಯ ನೆರಳು ಬೀಳಬಹುದು. ಸಾರದ ನೆಲದಲ್ಲಿದ್ದ ತಳಿಯೇ ಉತ್ತಮವಾಗಿ ತೋರಿದರೆ, ನಾವು ಹೊಗಳಿದ್ದು ತಳಿಯನ್ನಲ್ಲ, ಗೊಬ್ಬರವನ್ನು. ಆದಕಾರಣ ಪ್ರತಿ ತಳಿಯ ೩ ಗಿಡಗಳನ್ನು ಒಂದು ಭಾಗದಲ್ಲಿಯೂ ಉಳಿದ ೩ನ್ನು ಮತ್ತೊಂದು ಭಾಗದಲ್ಲಿಯೂ ಕ್ರಮ ಬದಲಿಸಿ ನೆಡತಕ್ಕದ್ದು. ಬಿದಿರಿನ ಸೀಳಿನ ಮೇಲೆ ಹೆಸರನ್ನು ಬರೆದು ಊರಿರಿ. ನೀರು, ಗೊಬ್ಬರ, ಆಸರೆಯ ಕೋಲು ಎಲ್ಲಕ್ಕೂ ಸಮವಾಗಿರಲಿ. ನೀರನ್ನು ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿ ಕೊಟ್ಟರೆ ಹಣ್ಣಿನ ತುದಿ ಕಪ್ಪಾಗುವದು. ಅದು ಎಷ್ಟೋ ಸಾರಿ ತಳಿಯ ದೋಷವಲ್ಲ, ನೀರಿನ ದೋಷ.

೪. ಬರೆದಿಡತಕ್ಕ ಲೆಕ್ಕ

ನೆನಪು ಕೊನೆಯ ಕೊಯ್ಲನ್ನು ಮಾತ್ರ ಹಿಡಿಯುವದು. ಆದದರಿಂದ ಒಂದು ಪುಸ್ತಕವನ್ನಿಟ್ಟು ಮನೆಯ ಶಾಲೆಯ ಮಗುವಿನ ಕೈಯಿಂದಾದರೂ ಬರೆಯಿಸಿರಿ. ಬಿತ್ತಿದ ದಿನ, ನೆಟ್ಟ ದಿನ, ಮೊದಲ ಹೂ, ಮೊದಲ ಹಣ್ಣು; ಪ್ರತಿ ಕೊಯ್ಲಿನಲ್ಲಿ ಒಳ್ಳೇ ಹಣ್ಣಿನ ತೂಕ, ಒಡೆದ ಮತ್ತು ಕೊಳೆತ ಹಣ್ಣಿನ ತೂಕ; ಸತ್ತ ಗಿಡಗಳ ಸಂಖ್ಯೆ ಮತ್ತು ಕಾರಣ.

ರೋಗವನ್ನು ಗುರುತಿಸಲಿಕ್ಕೆ ಇಷ್ಟು ತಿಳಿದಿರಲಿ. ಎಲೆ ಮುದುಡಿ ಗಿಡ ಕುಳ್ಳಾದರೆ ಅದು ಬಿಳಿನೊಣದಿಂದ ಹರಡುವ ರೋಗ. ಹಸುರಾಗಿದ್ದ ಗಿಡ ಇದ್ದಕ್ಕಿದ್ದ ಹಾಗೆ ಬಾಡಿದರೆ, ಬುಡದ ಕಾಂಡವನ್ನು ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ತೂಗಹಾಕಿರಿ. ಹಾಲಿನ ಎಳೆಯಂತೆ ಇಳಿದರೆ ಅದು ದುಂಡಾಣುಗಳಿಂದ ಬಂದ ಸೊರಗು ರೋಗ. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಿರಿ. ಎಲೆಯೊಳಗೂ ಹಣ್ಣಿನೊಳಗೂ ಕೊರೆಯುವ ಟೂಟಾ ಎಂಬ ಹುಳವು ೨೦೧೪ರಲ್ಲಿ ಮೊದಲು ನಮ್ಮ ದೇಶದಲ್ಲಿ ಕಂಡುಬಂತು; ಅದು ಬಿದ್ದ ಹಣ್ಣುಗಳನ್ನೂ ಪುಸ್ತಕದಲ್ಲಿ ಬೇರೆ ಬರೆಯಿರಿ.

ರುಚಿಯ ಪರೀಕ್ಷೆಯೂ ಅವಶ್ಯ. ಪ್ರತಿ ತಳಿಯ ಹಣ್ಣಿನಿಂದ ಒಂದೇ ಅಳತೆಯ ಸಾರನ್ನು ಮಾಡಿ, ಬಟ್ಟಲುಗಳಿಗೆ ಹೆಸರಿಡದೆ ಅಂಕೆಗಳನ್ನಿಟ್ಟು ಮನೆಯವರಿಗೆ ಬಡಿಸಿರಿ. ಹೆಸರು ತಿಳಿದರೆ ನಾಲಿಗೆಯು ಹೆಸರಿನ ಪಕ್ಷವನ್ನು ಹಿಡಿಯುವದು.

೫. ತೀರ್ಮಾನ ಮಾಡುವ ಬಗೆ

ದೃಷ್ಟಾಂತಕ್ಕಾಗಿ ಹೀಗೆಂದುಕೊಳ್ಳೋಣ. ಒಂದು ತಳಿಯ ೬ ಗಿಡಗಳು ೧೨ ಕಿಲೋ ಕೊಟ್ಟವು. ಅದರಲ್ಲಿ ೯ ಕಿಲೋ ಮೂರೇ ವಾರಗಳಲ್ಲಿ ಬಂತು, ಆಮೇಲೆ ೩ ಗಿಡಗಳು ಸತ್ತವು. ಮತ್ತೊಂದು ತಳಿಯು ೧೦ ಕಿಲೋ ಕೊಟ್ಟಿತು. ಅದು ಎಂಟು ವಾರಗಳ ವರೆಗೆ ಹಂಚಿಕೊಂಡು ಬಂತು, ಒಂದು ಗಿಡವೂ ಸಾಯಲಿಲ್ಲ. ಸಂತೆಯಲ್ಲಿ ಒಮ್ಮೆಗೇ ಮಾರುವವನಿಗೆ ಮೊದಲನೆಯದು ತಕ್ಕದ್ದಾಗಬಹುದು. ಮಕ್ಕಳಿಗೆ ದಿನಾಲು ಸಾರು ಮಾಡುವ ತಾಯಿಗೆ ಎರಡನೆಯದೇ ಉತ್ತಮ. ಹೈಬ್ರಿಡ್ ಆಗಿದ್ದರೆ ಬೀಜದ ಕ್ರಯವನ್ನೂ ಕಳೆದು ನೋಡಬೇಕು. ಹೀಗೆ ಉತ್ತಮ ತಳಿ ಎಂಬದು ಎಲ್ಲರಿಗೂ ಒಂದೇ ಅಲ್ಲ. ಒಂದು ಋತುವಿನ ಲೆಕ್ಕದಿಂದ ತೀರ್ಪು ಹೇಳುವದೂ ವಿಹಿತವಲ್ಲ. ಕಡು ಬೇಸಿಗೆಯಲ್ಲಿ ಹೂ ಉದುರುವದು, ಮಳೆಗಾಲದಲ್ಲಿ ಅಂಗಮಾರಿ ಹೆಚ್ಚುವದು. ಎರಡು ಋತುಗಳಲ್ಲಿ ನಿಂತ ತಳಿಯನ್ನೇ ನಂಬಿರಿ. ಆಮೇಲೆಯೂ ಎರಡು ತಳಿಗಳನ್ನಾದರೂ ಇಟ್ಟುಕೊಳ್ಳಿರಿ. ಒಂದು ಕೆಟ್ಟರೂ ಮತ್ತೊಂದು ಉಳಿದೀತು.

೬. ಬೀಜವನ್ನು ಆರಿಸುವದು

ಅನೇಕರು ರಾಶಿಯಲ್ಲಿ ದೊಡ್ಡ ಹಣ್ಣನ್ನು ಹುಡುಕಿ ಬೀಜಕ್ಕೆ ಇಡುತ್ತಾರೆ. ಅಮೇರಿಕದ ಒಹಾಯೋ ಪ್ರಾಂತ್ಯದ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್ ಎಂಬ ಬೀಜದ ವ್ಯಾಪಾರಿಯೂ ಬಹುಕಾಲ ಹಾಗೆಯೇ ಮಾಡಿದನು. ಆ ಕಾಲದ ಹಣ್ಣುಗಳು ಹೆಚ್ಚಾಗಿ ಗೀರುಗೀರಾಗಿದ್ದವು. ಒಳ್ಳೇ ಹಣ್ಣಿನ ಬೀಜವನ್ನು ಎಷ್ಟು ಸಾರಿ ಬಿತ್ತಿದರೂ ಹಳೇ ವಕ್ರತೆಯೇ ಬಂತು. ಕಡೆಗೆ, ಹಣ್ಣು ಚಿಕ್ಕದಾಗಿದ್ದರೂ ಎಲ್ಲವೂ ನುಣುಪಾಗಿ ಒಂದೇ ರೂಪದಲ್ಲಿದ್ದ ಒಂದು ಗಿಡವನ್ನು ಕಂಡು, ಅದರ ಬೀಜವನ್ನೇ ವರುಷ ವರುಷವೂ ಆರಿಸಿ ಬೆಳೆಸಿ, ೧೮೭೦ರಲ್ಲಿ ಪ್ಯಾರಗಾನ್ ಎಂಬ ಪ್ರಸಿದ್ಧ ತಳಿಯನ್ನು ಹೊರತಂದನು. ಇದರಿಂದ ಕಲಿಯತಕ್ಕದ್ದೇನಂದರೆ, ಹಣ್ಣನ್ನಲ್ಲ, ಗಿಡವನ್ನು ಆರಿಸಬೇಕು. ರೋಗವಿಲ್ಲದೆ ಕಡೆಯ ವರೆಗೆ ನಿಂತು, ಎಲ್ಲಾ ಗೊಂಚಲುಗಳಲ್ಲಿ ಸಮವಾಗಿ ಫಲಿಸಿದ ಗಿಡಕ್ಕೆ ಮೊದಲೇ ದಾರ ಕಟ್ಟಿ ಗುರುತಿಡಿರಿ.

ಆ ಗಿಡದ ಚೆನ್ನಾಗಿ ಮಾಗಿದ ಹಣ್ಣುಗಳ ತಿರುಳನ್ನು ಮಣ್ಣಿನ ಪಾತ್ರೆಯಲ್ಲಿ ಹಿಂಡಿ, ಒಂದೆರಡು ದಿನ ಹುಳಿಯಲು ಬಿಡಿರಿ. ಬೀಜದ ಮೇಲಿನ ಲೋಳೆ ಬಿಟ್ಟ ಮೇಲೆ ತೊಳೆದು, ತೇಲುವ ಬೀಜವನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಿನಲ್ಲಿ ಒಣಗಿಸಿರಿ. ತಳಿಯ ಹೆಸರನ್ನೂ ವರುಷವನ್ನೂ ಬರೆದು ತೇವ ತಗಲದಂತೆ ಇಟ್ಟರೆ ಮೂರು ನಾಲ್ಕು ವರುಷ ಮೊಳೆಯುವದು. ನೆರೆಯವರಿಗೆ ಬೀಜ ಕೊಡುವಾಗ ಅದರ ಲೆಕ್ಕವನ್ನೂ, ಒಳ್ಳೇದು ಕೆಟ್ಟದ್ದೆರಡನ್ನೂ, ಹೇಳಿ ಕೊಡಿರಿ.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಒಂದೇ ತಳಿಯನ್ನು ನೆಲದಲ್ಲೆಲ್ಲಾ ನೆಡುವದರಿಂದ ಬರುವ ಅಪಾಯವೇನು?
೨. ಒಂದು ತಳಿಯ ಗಿಡಗಳನ್ನು ಹಿತ್ತಲಿನ ಎರಡು ಭಾಗಗಳಲ್ಲಿ ಯಾಕೆ ನೆಡಬೇಕು?
೩. ಯಾವ ತಳಿಗಳ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು? ಯಾವದರ ಬೀಜವನ್ನು ಇಡಬಾರದು?
೪. ನಮ್ಮ ಮನೆಗೆ ಒಟ್ಟಿಗೆ ಬರುವ ಬೆಳೆ ಹಿತವೋ, ಬಹುದಿನ ಬರುವ ಬೆಳೆ ಹಿತವೋ?
೫. ಬೀಜಕ್ಕಾಗಿ ಹಣ್ಣನ್ನು ನೋಡದೆ ಗಿಡವನ್ನು ನೋಡಬೇಕೆಂಬದಕ್ಕೆ ಕಾರಣವೇನು?