ಎಕ್ಸ್‌ರೇಗೆ ಕಾಣದ ಗುಳಿ

ಹೆರಿಗೆಯ ಹೊತ್ತಿನಲ್ಲಿ ಭುಜ ಸಿಕ್ಕಿಕೊಂಡು, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಜಗ್ಗಿಹೋದ ಕೂಸುಗಳು ನನ್ನ ಸ್ಕ್ಯಾನಿಂಗ್ ಕೋಣೆಗೆ ಬರುವುದು ಬಹಳ ಸಲ ತಡವಾಗಿ. ಜೊತೆಗೊಂದು ಎಕ್ಸ್‌ರೇ, 'ಮೂಳೆ ಸರಿಯಿದೆ' ಎಂಬ ವರದಿ. ಆ ಎಳೆ ವಯಸ್ಸಿನಲ್ಲಿ ಎಕ್ಸ್‌ರೇ ನಂಬಿ ಭುಜ ಸರಿಯಿದೆ ಎನ್ನಲಾಗದು. ರೇಡಿಯಾಲಜಿಸ್ಟ್ ಆಗಿ ನಾನು ಕಲಿತ ಮುಖ್ಯ ಪಾಠ ಇದೇ.

ತೋಳಿನ ಗುಂಡು ಕೂರುವ ಗುಳಿ, ಅಂದರೆ ರೆಕ್ಕೆ ಮೂಳೆಯ ಗ್ಲೀನಾಯ್ಡ್, ಹುಟ್ಟಿದಾಗ ಬಹುಪಾಲು ಮೃದ್ವಸ್ಥಿ. ಅದರ ಮೇಲ್ಭಾಗ ಮೂಳೆಯಾಗತೊಡಗುವುದು ಸುಮಾರು 10ನೇ ವಯಸ್ಸಿಗೆ, ಕೆಳಗಿನ ಅಂಚು ಹರೆಯದಲ್ಲಿ. ಗುಂಡಿನೊಳಗೂ ಮೂಳೆಯ ಮೊದಲ ಚುಕ್ಕೆ ಮೂಡಲು ಆರು ತಿಂಗಳವರೆಗೆ ಹಿಡಿಯಬಹುದು. ಪೆಟ್ಟಾದ ಕೈಯಲ್ಲಿ ಇನ್ನೂ ತಡ. ಎಕ್ಸ್‌ರೇಗೆ ಮೃದ್ವಸ್ಥಿ ಕಾಣದು. ಗುಂಡು ಹಿಂದಕ್ಕೆ ಜಾರಿದ್ದರೂ ಫಿಲ್ಮಿನಲ್ಲಿ ಸುಲಭಕ್ಕೆ ಗೊತ್ತಾಗುವುದಿಲ್ಲ.

ಗುಳಿ ತಾನಾಗಿ ದುಂಡಗಾಗುವುದಿಲ್ಲ ಎಂಬುದನ್ನು ತಂದೆತಾಯಿಯರಿಗೆ ಬಿಡಿಸಿ ಹೇಳುತ್ತೇನೆ. ಗುಂಡು ನಡುವೆ ಕೂತು ಆಡುತ್ತಿದ್ದರಷ್ಟೇ ಅದು ಸರಿಯಾಗಿ ಬೆಳೆಯುತ್ತದೆ. ನರ ಸೋತು ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳು ಬಲ ಕಳೆದುಕೊಂಡರೆ, ಒಳಕ್ಕೆ ಎಳೆಯುವ ಸ್ನಾಯುಗಳದೇ ಮೇಲುಗೈ. ಗುಂಡು ಹಿಂದಿನ ಅಂಚನ್ನು ಒತ್ತುತ್ತದೆ, ಅಂಚು ಚಪ್ಪಟೆಯಾಗುತ್ತದೆ, ಕೊನೆಗೆ ಗುಳಿಯೇ ಹಿಂದಕ್ಕೆ ವಾಲುತ್ತದೆ. ಮೊದಲ ವರ್ಷದೊಳಗೇ ಇಷ್ಟೂ ಆಗಿಬಿಡಬಹುದು.

ಒಂದು ಕೂಸಿನ ವಿಷಯದಲ್ಲಿ ಇದನ್ನು ಮೊದಲು ಹಿಡಿದವರು ಅದಕ್ಕೆ ನೀರೆರೆಯುತ್ತಿದ್ದ ಅಜ್ಜಿ. "ಬೆರಳೆಲ್ಲ ಚೆನ್ನಾಗಿ ಆಡಿಸ್ತಾನೆ ಡಾಕ್ಟ್ರೇ. ಎಣ್ಣೆ ತಿಕ್ಕುವಾಗ ತೋಳು ಮಾತ್ರ ಹೊರಕ್ಕೆ ತಿರುಗಲ್ಲ. ಕಂಕುಳ ಮಡಿಕೆನೂ ಆ ಕಡೆದು ಬೇರೆ ಥರ ಇದೆ." ಎರಡೂ ನಿಜವಾದ ಲಕ್ಷಣಗಳೇ. ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿಹಿಡಿದು, ಮುಂಗೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿ ಎರಡೂ ಕಡೆ ಹೋಲಿಸಿದರೆ ವ್ಯತ್ಯಾಸ ಯಾರ ಕೈಗಾದರೂ ತಿಳಿಯುತ್ತದೆ. ಬೆರಳು ಆಡುತ್ತಿವೆ, ನರ ಚೇತರಿಸಿಕೊಂಡಿದೆ ಎಂದು ಸಮಾಧಾನಪಟ್ಟುಕೊಳ್ಳುವ ಹೊತ್ತಿಗೇ ಭುಜ ಜಾರುತ್ತಿರಬಹುದು.

ಕೂಸನ್ನು ತಾಯಿಯ ಎದೆಗೊರಗಿಸಿ, ಬೆನ್ನು ನನ್ನ ಕಡೆ ಮಾಡಿಸಿ, ಬೆಚ್ಚಗಿನ ಜೆಲ್ ಹಚ್ಚಿ ಭುಜದ ಹಿಂಭಾಗಕ್ಕೆ ಪ್ರೋಬ್ ಅಡ್ಡಲಾಗಿ ಇಟ್ಟೆ. ಪರದೆಯ ಮೇಲೆ ರೆಕ್ಕೆ ಮೂಳೆಯ ಹಿಂಬದಿ ಬಿಳಿ ಗೆರೆ. ಪಕ್ಕದಲ್ಲಿ ಬೂದು ಗುಂಡು. ಆ ಗೆರೆಗೂ, ಗುಳಿಯ ಹಿಂದಂಚಿನಿಂದ ಗುಂಡನ್ನು ಸವರಿ ಹೋಗುವ ಗೆರೆಗೂ ನಡುವಿನ ಕೋನ 30 ಡಿಗ್ರಿ ದಾಟಬಾರದು. ತೋಳು ಒಳಕ್ಕೆ ತಿರುಗಿಸಿದೆ, ಗುಂಡು ಗೆರೆಯ ಹಿಂದಕ್ಕೆ ಏರಿತು. ಹೊರಕ್ಕೆ ತಿರುಗಿಸಿದೆ, ನಿಧಾನವಾಗಿ ಗುಳಿಯೊಳಗೆ ಇಳಿಯಿತು. ವಿಕಿರಣವಿಲ್ಲ, ಮಂಪರು ಔಷಧಿಯೂ ಬೇಡ.

ಇಷ್ಟು ಚಿಕ್ಕ ಮಕ್ಕಳಿಗೆ ಇದಕ್ಕಾಗಿ ಸಿಟಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆ ಯೋಚಿಸುವಾಗ ಎಂಆರ್‌ಐ ಬೇಕು, ಅದೂ ಎರಡೂ ಭುಜಗಳದ್ದು. 1998ರಲ್ಲಿ ಪೀಟರ್ ವಾಟರ್ಸ್ ಮತ್ತು ಸಂಗಡಿಗರು ಕೊಟ್ಟ ವರ್ಗೀಕರಣ ನಿಂತಿರುವುದೇ ಹೋಲಿಕೆಯ ಮೇಲೆ: ಸರಿಯಿರುವ ಕಡೆಗಿಂತ ಗುಳಿ 5 ಡಿಗ್ರಿಗೂ ಹೆಚ್ಚು ಹಿಂದಕ್ಕೆ ವಾಲಿದ್ದರೆ ಅದು ಎರಡನೇ ದರ್ಜೆ.

ದೊಡ್ಡವರಲ್ಲೂ ಇನ್ನೊಂದು ಭುಜ ನೋಡುವುದು ಉಪಯೋಗಕ್ಕೆ ಬರುತ್ತದೆ. ಹುಟ್ಟಿನಿಂದಲೇ ಗುಳಿ ಸರಿಯಾಗಿ ಬೆಳೆಯದವರು ಎಷ್ಟೋ ಸಲ ಎದೆಯ ಎಕ್ಸ್‌ರೇಯಲ್ಲಿ ಆಕಸ್ಮಿಕವಾಗಿ ಸಿಗುತ್ತಾರೆ: ಆಳವಿಲ್ಲದ ಗುಳಿ, ಅದರ ಕೆಳ ಅಂಚು ಏರುಪೇರು, ಬಹುತೇಕ ಎರಡೂ ಕಡೆ ಒಂದೇ ಥರ. ಒಂದೇ ಕಡೆ ನೋಡಿದರೆ ಹಳೆಯ ಪೆಟ್ಟೆಂದೋ ಸವಕಳಿಯೆಂದೋ ಅನ್ನಿಸಿಬಿಡುತ್ತದೆ.

ಈಗ ಕೂಸುಗಳ ವರದಿಯಲ್ಲಿ ಎರಡೂ ಭುಜಗಳ ಕೋನ, ಗುಂಡು ಗೆರೆಯ ಯಾವ ಕಡೆ ಇದೆ, ತಿರುಗಿಸಿದಾಗ ಒಳಕ್ಕೆ ಬರುತ್ತದೆಯೇ ಎಂಬುದನ್ನು ಬರೆಯುತ್ತೇನೆ. ಮೂಳೆ ಡಾಕ್ಟರು ಮೊದಲು ಕೇಳುವುದು ಕೊನೆಯದನ್ನೇ. ಬರುವ ಗುಂಡನ್ನು ಬೊಟುಲಿನಮ್ ಇಂಜೆಕ್ಷನ್ ಕೊಟ್ಟು, ಪ್ಲಾಸ್ಟರ್ ಹಾಕಿ ಕೂರಿಸಿ ನೋಡಬಹುದು. ಬಾರದ ಗುಂಡಿಗೆ ಆಪರೇಷನ್ ಬೇಕಾಗಬಹುದು. ಅಜ್ಜಿ ತೋರಿಸಿದ ಕೂಸಿಗೆ ಪ್ಲಾಸ್ಟರ್ ಸಾಕಾಯಿತು, ಆಮೇಲೆ ಫಿಸಿಯೋಥೆರಪಿ ಮುಂದುವರಿಯಿತು.