ಆವರ್ತ ಕೋಷ್ಟಕದ ಮನೆಗಳಲ್ಲಿ ದಾರಿ ತಪ್ಪಿದವನ ಪಾಠಗಳು

ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕೆಲಸ ನನ್ನದು. ಗೋಡೆಯ ಮೇಲಿನ ಆವರ್ತ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದರಲ್ಲಿ ಎತ್ತಿದ ಕೈ. ಅದನ್ನು ಓದುವುದನ್ನು ಮಾತ್ರ ತಡವಾಗಿ ಕಲಿತೆ, ಅದೂ ಬಹುಪಾಲು ಮಕ್ಕಳ ಪ್ರಶ್ನೆಗಳಿಂದ.

1. ಒಂದು ಎಣಿಕೆ, ಇನ್ನೊಂದು ಸರಾಸರಿ.
ಕ್ಲೋರಿನ್ ಮನೆಯಲ್ಲಿ 17 ಎಂದಿದೆ, 35.45 ಎಂದೂ ಇದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ನ್ಯೂಟ್ರಾನ್ ಸಿಗುತ್ತವೆ ಎಂದು ಬೋರ್ಡಿನ ಮೇಲೆ ಕಳೆದೇಬಿಟ್ಟೆ. ಬಂದ ಉತ್ತರ 18.45. "ಅರ್ಧಂಬರ್ಧ ನ್ಯೂಟ್ರಾನ್ ಇರುತ್ತಾ ಸಾರ್?" ಎಂದಿತು ಹಿಂದಿನ ಬೆಂಚು. "18 ಅಂತ ಬರ್ಕೊಳ್ಳಿ" ಎಂದು ಡಸ್ಟರ್ ಎತ್ತಿಕೊಂಡೆ. ಹಾಗೆ ಒರೆಸಿ ಬಿಡುವ ಪ್ರಶ್ನೆಯಾಗಿರಲಿಲ್ಲ ಅದು. 17 ಪ್ರೋಟಾನ್‌ಗಳ ಎಣಿಕೆ. ಅದು ಬದಲಾದರೆ ಧಾತುವೇ ಬೇರೆ. 35.45 ಮಾತ್ರ ಭೂಮಿಯಲ್ಲಿ ಸಿಗುವ ಕ್ಲೋರಿನ್ ಬೆರಕೆಯ ಸರಾಸರಿ. ನೂರು ಪರಮಾಣುಗಳಲ್ಲಿ ಸುಮಾರು 76ಕ್ಕೆ 18 ನ್ಯೂಟ್ರಾನ್, ಉಳಿದವಕ್ಕೆ 20. ಈ ಎರಡು ಬಗೆಗಳೇ ಕ್ಲೋರಿನ್ನಿನ ಸಮಸ್ಥಾನಿಗಳು. ಮನೆಗೆ ಎರಡೂವರೆ ಮಕ್ಕಳು ಎಂಬ ಜನಗಣತಿಯ ಲೆಕ್ಕದಂತೆ, 35.45 ತೂಗುವ ಕ್ಲೋರಿನ್ ಪರಮಾಣು ಎಲ್ಲೂ ಇಲ್ಲ. ಈ ಅಂಕಿ ಕೆಲಸಕ್ಕೆ ಬರುವುದು ತಕ್ಕಡಿಯ ಹತ್ತಿರ: ಅಷ್ಟು ಗ್ರಾಂ ಇದ್ದರೆ ಒಂದು ಮೋಲ್ ಕ್ಲೋರಿನ್ ಪರಮಾಣುಗಳು. ನ್ಯೂಟ್ರಾನ್ ಎಣಿಸಬೇಕಾದರೆ ಆಯಾ ಸಮಸ್ಥಾನಿಯ ರಾಶಿ ಸಂಖ್ಯೆ, ಅಂದರೆ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಎಣಿಕೆ, ಬೇಕು. ಸಾಮಾನ್ಯ ಚಾರ್ಟಿನಲ್ಲಿ ಕ್ಲೋರಿನ್ನಿಗೆ ಅದನ್ನು ಅಚ್ಚು ಹಾಕಿರುವುದಿಲ್ಲ.

2. ಅಚ್ಚಿನ ತಪ್ಪು ಎನ್ನುವ ಮೊದಲು ತಡೆಯಿರಿ.
ಟೆಲ್ಯೂರಿಯಂ 127.60, ಅದರ ಮುಂದಿನ ಅಯೋಡಿನ್ 126.90. ತೂಕ ಇಳಿದಿದೆಯಲ್ಲ ಎಂದು ಶಾಲೆಯ ಚಾರ್ಟಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಮಹಾನುಭಾವ ನಾನೇ. ಇದೇ ಜೋಡಿ 1869ರಲ್ಲಿ ಕೋಷ್ಟಕ ಜೋಡಿಸುತ್ತಿದ್ದ ರಸಾಯನ ವಿಜ್ಞಾನಿ ಮೆಂಡಲೀವನನ್ನೂ ಕಾಡಿತ್ತು. ಗುಣ ನೋಡಿ ಅಯೋಡಿನ್ನನ್ನು ಅವನು ಕ್ಲೋರಿನ್, ಬ್ರೋಮಿನ್‌ಗಳ ಸಾಲಿಗೇ ಸೇರಿಸಿದ. ಟೆಲ್ಯೂರಿಯಂನ ತೂಕವನ್ನೇ ತಪ್ಪಾಗಿ ಅಳೆದಿದ್ದಾರೆ ಎಂದುಕೊಂಡ. ತೂಕದಲ್ಲಿ ದೋಷವಿರಲಿಲ್ಲ. 1913ರಲ್ಲಿ ಭೌತವಿಜ್ಞಾನಿ ಮೋಸ್ಲಿ ಎಕ್ಸ್-ಕಿರಣಗಳ ಅಳತೆಯಿಂದ ತೋರಿಸಿದ್ದೆಂದರೆ, ಸರದಿ ನಿಂತಿರುವುದು ಪರಮಾಣು ಬೀಜದ ಆವೇಶದ ಮೇಲೆ: ಟೆಲ್ಯೂರಿಯಂ 52, ಅಯೋಡಿನ್ 53. ಆರ್ಗಾನ್–ಪೊಟ್ಯಾಸಿಯಂ ಜೋಡಿಯದ್ದೂ ಇದೇ ಕಥೆ. ಕಾರಣ ತಪ್ಪಿದರೂ ಜಾಗ ತಪ್ಪದ ಮೆಂಡಲೀವನನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

3. ಆವರಣ ಚಿಹ್ನೆ ಅಲಂಕಾರಕ್ಕಲ್ಲ.
ಟೆಕ್ನೀಷಿಯಂ ಮನೆಯಲ್ಲಿ, ಆವರಣದೊಳಗೆ, ಒಂದು ಚಾರ್ಟು 97 ಎಂದಿತು, ಇನ್ನೊಂದು 98. ಒಂದನ್ನು ಕಳಪೆ ಎಂದು ಪಕ್ಕಕ್ಕಿಟ್ಟೆ. ಆವರಣದೊಳಗಿನ ಅಂಕಿ ಸರಾಸರಿಯೇ ಅಲ್ಲ, ಅತಿ ಹೆಚ್ಚು ಕಾಲ ಬಾಳುವ ಸಮಸ್ಥಾನಿಯ ರಾಶಿ ಸಂಖ್ಯೆ. ಸ್ಥಿರ ಸಮಸ್ಥಾನಿಯೇ ಇಲ್ಲದ ಟೆಕ್ನೀಷಿಯಂಗೆ ಸರಾಸರಿ ಎಲ್ಲಿಂದ ತರುವುದು? ಇಲ್ಲಿ ಎರಡರ ಅರ್ಧಾಯುವೂ ಸುಮಾರು 42 ಲಕ್ಷ ವರ್ಷ. ಜಗಳ ಕೂದಲೆಳೆಯದು.

4. ಬಣ್ಣ ಪ್ರಕಾಶಕರದ್ದು.
"ಹಳದಿ ಮನೆಗಳು ಅಲೋಹ" ಎಂದು ಕಲಿಸಿದ್ದೆ. ಮರುವರ್ಷ ಹೊಸ ಚಾರ್ಟ್ ಬಂತು, ಹಳದಿ ಬಣ್ಣದಲ್ಲಿ ಲೋಹಗಳಿದ್ದವು. ಈಗ ಮೊದಲು ಮೂಲೆಯ ಸೂಚಿ ಓದಿಸುತ್ತೇನೆ.

5. ಕೆಳಗಿನ ಎರಡು ಸಾಲು ಬೇರೆ ಊರಲ್ಲ.
ಲ್ಯಾಂಥನೈಡು, ಆಕ್ಟಿನೈಡುಗಳನ್ನು ಅನುಬಂಧ ಎಂಬಂತೆ ದಾಟಿಸಿಬಿಡುತ್ತಿದ್ದೆ. ಆರನೇ ಆವರ್ತದಲ್ಲಿ ಎಷ್ಟು ಧಾತು ಎಂದರೆ ಮಕ್ಕಳು 18 ಎನ್ನುತ್ತಿದ್ದರು, ಇರುವುದು 32. ಕಾಗದದ ಅಗಲ ಸಾಲದೆ ಕೆಳಗಿಳಿಸಿದ್ದಾರೆ, ಅಷ್ಟೆ. ಹಳೆಯ ಚಾರ್ಟೊಂದನ್ನು ಕತ್ತರಿಸಿ, ಆ ಸಾಲುಗಳನ್ನು ಅವುಗಳ ಜಾಗದಲ್ಲಿ ತೂರಿಸಿ 32 ಕಂಬಸಾಲಿನ ಉದ್ದ ಕೋಷ್ಟಕ ಮಾಡಿದೆವು. ಮೂರನೇ ಗುಂಪಿಗೆ ಸೇರಬೇಕಾದದ್ದು ಲ್ಯಾಂಥನಮ್ಮೋ ಲುಟೀಷಿಯಮ್ಮೋ ಎಂದು ರಸಾಯನ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಆ ಎರಡು ಮನೆಗಳಿಗೆ ಮಾತ್ರ ಅಂಟು ಕಡಿಮೆ ಹಾಕಿದ್ದೇನೆ.